ಮಕ್ಕಳಿಗೆ ಮೊದಲ ಪಂಕ್ತಿ: ಸಾಮೋವಾ ಬಾಂಧವರ ಶ್ವೇತ ಭಾನುವಾರ

ಊರು ಬಿಟ್ಟು ಪರಸ್ಥಳಕ್ಕೆ ಹೊರಡುವವನು ಪಾತ್ರೆಪಡಗಗಳನ್ನು ಮೂಟೆ ಕಟ್ಟಬಲ್ಲ. ಹಬ್ಬವನ್ನು ಮೂಟೆ ಕಟ್ಟಲಾರ. ಹೋದ ನೆಲದಲ್ಲಿ ಅದನ್ನು ಹೊಸದಾಗಿ ಬಿತ್ತಿ ಬೆಳೆಯಬೇಕಾಗುತ್ತದೆ. ಕರಾವಳಿಯಿಂದ ಘಟ್ಟ ಹತ್ತಿ ಕಾಫಿಯ ಸೀಮೆಗೆ ಬಂದು ನೆಲೆಸಿದ ಕೊಂಕಣಿ ಕ್ರೈಸ್ತ ಕುಟುಂಬಗಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಹಿರಿಯರು ಕಡಲ ತೀರದ ಮನೆಯನ್ನೂ ಬಂಧುಬಳಗವನ್ನೂ ಹಿಂದೆ ಬಿಟ್ಟು ಬಂದರು. ಆದರೆ ಸೆಪ್ಟೆಂಬರ್ 8ರ ಮೊಂತಿ ಹಬ್ಬವನ್ನು ಬಿಟ್ಟು ಬರಲಿಲ್ಲ. ಮಳೆಗಾಲದ ಕೊನೆಯ ಜಡಿಯಲ್ಲಿ, ಇಂಬಳಗಳ ಕಾಟದ ನಡುವೆ, ಮಕ್ಕಳ ಕೈಗೆ ಹೂವು ಕೊಟ್ಟು, ಹೊಸ ತೆನೆಯನ್ನು ಮಂತ್ರಿಸಿಕೊಂಡು, ಮನೆಮಂದಿಯೆಲ್ಲ ಒಂದೇ ಸಾಲಿನಲ್ಲಿ ಕುಳಿತು ಹೊಸಕ್ಕಿಯ ಊಟ ಮಾಡುವ ಪದ್ಧತಿ ಇಲ್ಲಿಯೂ ಬೇರೂರಿತು.

ಅದೇ ಕುಟುಂಬಗಳ ಮಕ್ಕಳು ಮೊಮ್ಮಕ್ಕಳು ಇಂದು ಬೆಂಗಳೂರಿಗೆ, ಕೊಲ್ಲಿ ರಾಷ್ಟ್ರಗಳಿಗೆ, ಆಸ್ಟ್ರೇಲಿಯ ನ್ಯೂಜಿಲೆಂಡುಗಳಿಗೆ ವಲಸೆ ಹೋಗುತ್ತಿದ್ದಾರೆ. ಹಬ್ಬವನ್ನು ಮತ್ತೊಮ್ಮೆ ಬಿತ್ತುವ ಕೆಲಸ ಈಗ ಅವರ ಪಾಲಿಗೆ ಬಂದಿದೆ. ಅದು ಹೇಗೆ ಸಾಧ್ಯ, ಅದರ ಬೆಲೆ ಏನು ಎಂಬುದನ್ನು ತಿಳಿಯಲು ನಮಗಿಂತ ಮೊದಲೇ ಈ ದಾರಿಯಲ್ಲಿ ನಡೆದ ಒಂದು ಜನಾಂಗವನ್ನು ನೋಡುವುದು ಉಪಯುಕ್ತ. ಉದ್ಯೋಗನಿಮಿತ್ತ ಈ ಲೇಖಕನ ಕುಟುಂಬ ಕಳಸದಿಂದ ಹೋಗಿ ಕೆಲವು ವರ್ಷ ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ದಕ್ಷಿಣ ಭಾಗದಲ್ಲಿ ವಾಸವಾಗಿತ್ತು. ಕನ್ನಡಿಗರನ್ನು ಒಟ್ಟುಗೂಡಿಸುವ ನ್ಯೂಜಿಲೆಂಡ್ ಕನ್ನಡ ಕೂಟ ಆ ದೇಶದಲ್ಲಿ ಇದ್ದೇ ಇದೆ. ಆದರೆ ನಮ್ಮ ಬೀದಿಯ ನೆರೆಹೊರೆಯವರಲ್ಲಿ ಹೆಚ್ಚಿನವರು ಶಾಂತಸಾಗರದ ಸಾಮೋವಾ ದ್ವೀಪಗಳಿಂದ ಬಂದವರು. ಅವರ ಹಬ್ಬಗಳಿಗೆ ನಾವು ಅತಿಥಿಗಳಾದೆವು. ಅಲ್ಲಿ ಕಂಡದ್ದನ್ನು ನಮ್ಮ ಮಲೆನಾಡಿನ ಓದುಗ ಬಾಂಧವರೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಸಾಗರದ ನಡುವಿನ ಪುಟ್ಟ ನಾಡು

ಸಾಮೋವಾ ಎಂಬುದು ಉಪೋಲು ಮತ್ತು ಸವಾಯಿ ಎಂಬ ಎರಡು ದೊಡ್ಡ ದ್ವೀಪಗಳೂ ಕೆಲವು ಚಿಕ್ಕ ದ್ವೀಪಗಳೂ ಸೇರಿದ ಸ್ವತಂತ್ರ ರಾಷ್ಟ್ರ. ಅಪಿಯಾ ಅದರ ರಾಜಧಾನಿ. ಒಟ್ಟು ಜನಸಂಖ್ಯೆ ಎರಡು ಲಕ್ಷಕ್ಕಿಂತ ತುಸು ಹೆಚ್ಚು. 1900ರಿಂದ ಜರ್ಮನಿಯ ವಶದಲ್ಲಿದ್ದ ಈ ದ್ವೀಪಗಳನ್ನು 1914ರಲ್ಲಿ, ಮೊದಲನೆಯ ಮಹಾಯುದ್ಧದ ಆರಂಭದಲ್ಲಿಯೇ, ನ್ಯೂಜಿಲೆಂಡ್ ವಶಪಡಿಸಿಕೊಂಡಿತು. ಆ ಆಳ್ವಿಕೆಯ ವಿರುದ್ಧ ಸಾಮೋವನ್ನರು ‘ಮಾವು’ ಎಂಬ ಹೆಸರಿನ ಶಾಂತಿಯುತ ಚಳವಳಿಯನ್ನು ನಡೆಸಿದರು. 1929ರ ಡಿಸೆಂಬರ್ 28ರಂದು ಅಪಿಯಾದ ಬೀದಿಯಲ್ಲಿ ಮೆರವಣಿಗೆಯ ಮೇಲೆ ಪೊಲೀಸರು ಗುಂಡು ಹಾರಿಸಿದಾಗ ಚಳವಳಿಯ ನಾಯಕ ತುಪುವಾ ತಮಸೆಸೆ ಲಿಯಲೊಫಿ ಗುಂಡೇಟಿಗೆ ಗುರಿಯಾಗಿ ಮರುದಿನ ತೀರಿಕೊಂಡರು. ನಮ್ಮ ದೇಶದಲ್ಲಿ ಗಾಂಧೀಜಿಯವರು ದಂಡಿಯಾತ್ರೆಗೆ ಹೊರಡುವುದಕ್ಕೆ ಮೂರು ತಿಂಗಳಿಗೂ ಕಡಿಮೆ ಸಮಯದ ಹಿಂದಿನ ಘಟನೆಯಿದು. ಕೊನೆಗೆ 1962ರ ಜನವರಿ 1ರಂದು ಸಾಮೋವಾ ಸ್ವತಂತ್ರವಾಯಿತು. ಸ್ವಾತಂತ್ರ್ಯೋತ್ಸವವನ್ನು ಮಾತ್ರ ಪ್ರತಿವರ್ಷ ಜೂನ್ 1ರಂದು ಆಚರಿಸುತ್ತಾರೆ.

ಕ್ರೈಸ್ತ ಧರ್ಮವು ಅಲ್ಲಿಗೆ 1830ರಲ್ಲಿ ಲಂಡನ್ ಮಿಷನ್ನಿನ ಜಾನ್ ವಿಲಿಯಮ್ಸ್ ಅವರೊಡನೆ ಬಂದಿತು. 1845ರಲ್ಲಿ ಮಾರಿಸ್ಟ್ ಸಭೆಯ ಕಥೋಲಿಕ ಧರ್ಮಗುರುಗಳು ಬಂದಿಳಿದರು. ಇಂದು ಜನಸಂಖ್ಯೆಯ ಸುಮಾರು ಐದರಲ್ಲೊಂದು ಪಾಲು ಕಥೋಲಿಕರು. 1970ರ ನವೆಂಬರ್‌ನಲ್ಲಿ ಪೋಪ್ ಆರನೆಯ ಪೌಲರು ಮನಿಲಾದಿಂದ ಆಸ್ಟ್ರೇಲಿಯಕ್ಕೆ ತೆರಳುವ ದಾರಿಯಲ್ಲಿ ಈ ಪುಟ್ಟ ನಾಡಿನಲ್ಲಿ ಇಳಿದು ಬಲಿಪೂಜೆಯನ್ನು ಅರ್ಪಿಸಿದ್ದು ಅಲ್ಲಿನ ಹಿರಿಯರ ನೆನಪಿನಲ್ಲಿ ಇನ್ನೂ ಹಸಿರಾಗಿದೆ.

ಎರಡನೆಯ ಮಹಾಯುದ್ಧದ ಬಳಿಕ ನ್ಯೂಜಿಲೆಂಡಿನ ಕಾರ್ಖಾನೆಗಳಿಗೆ ಕೆಲಸಗಾರರು ಬೇಕಾದಾಗ ಸಾಮೋವನ್ನರು ಗುಂಪುಗುಂಪಾಗಿ ಆಕ್ಲೆಂಡಿಗೆ ಬಂದರು. 2018ರ ಜನಗಣತಿಯಲ್ಲಿ ತಾವು ಸಾಮೋವನ್ನರೆಂದು ಹೇಳಿಕೊಂಡವರ ಸಂಖ್ಯೆ ಅಲ್ಲಿ ಸುಮಾರು 1 ಲಕ್ಷ 82 ಸಾವಿರ. ತಾಯ್ನಾಡಿನ ಜನಸಂಖ್ಯೆಗೆ ಹತ್ತಿರವಾಗುವಷ್ಟು ಮಂದಿ ಪರನಾಡಿನ ಒಂದೇ ದೇಶದಲ್ಲಿದ್ದಾರೆ ಎಂಬುದು ವಿಚಾರ ಮಾಡಬೇಕಾದ ಸಂಗತಿ.

ಕೆಸುವಿನ ಎಲೆಯ ನಂಟು

ಸಾಮೋವನ್ನರ ಜೀವನ ಪದ್ಧತಿಗೆ ‘ಫಾಅ ಸಾಮೋವಾ’ ಎಂದು ಹೆಸರು. ಅದರ ನಡುಗಂಬ ‘ಆಯಿಂಗಾ’ ಎಂಬ ಅವಿಭಕ್ತ ಕುಟುಂಬ. ಕುಟುಂಬದ ಯಜಮಾನನಿಗೆ ‘ಮತಾಯಿ’ ಎಂಬ ಪದವಿ. ಆ ಪದವಿಯನ್ನು ಏರುವ ದಾರಿ ಸೇವೆಯೇ ಎಂದು ಅವರ ಗಾದೆಯೊಂದು ಸಾರುತ್ತದೆ. ಹಿರಿಯರು ಕುಳಿತಿರುವಾಗ ಕಿರಿಯರು ಎದುರಿಗೆ ನಿಲ್ಲುವಂತಿಲ್ಲ. ಅವರ ಮುಂದೆ ಹಾದುಹೋಗಬೇಕಾದರೆ ನಡು ಬಗ್ಗಿಸಿ ‘ತುಲೌ’ ಎಂದು ಅಪ್ಪಣೆ ಕೇಳಬೇಕು. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತುಕೊಳ್ಳಬೇಕೇ ಹೊರತು ಇನ್ನೊಬ್ಬರ ಕಡೆಗೆ ಕಾಲು ಚಾಚಬಾರದು. ಇವೆಲ್ಲ ಮಲೆನಾಡಿನ ಯಾವ ಮನೆಯಲ್ಲಿ ಅಪರಿಚಿತ? ಆಕ್ಲೆಂಡಿನ ಶಾಲೆಯಲ್ಲಿ ಹೊಸ ರೀತಿಗಳನ್ನು ಕಲಿತು ಬರುತ್ತಿದ್ದ ನಮ್ಮ ಮಗಳು ನೆರೆಮನೆಯ ಸಾಮೋವನ್ ಅಜ್ಜಿಯ ಮುಂದೆ ಮಾತ್ರ ಕಾಲು ಮಡಿಸಿ ಕುಳಿತುಕೊಳ್ಳುತ್ತಿದ್ದಳು. ಅವಳನ್ನು ಗದರಿಸಿ ಕಲಿಸುವ ಪ್ರಸಂಗವೇ ಬರಲಿಲ್ಲ; ಆ ಮನೆಯ ಮಕ್ಕಳನ್ನು ನೋಡಿಯೇ ಕಲಿತಳು.

ಊಟದ ವಿಷಯದಲ್ಲಂತೂ ಕಳಸದವರಿಗೆ ಬೆರಗು ಕಾದಿರುತ್ತದೆ. ಸಾಮೋವನ್ನರ ಮುಖ್ಯ ಆಹಾರ ‘ತಾಲೊ’. ಅಂದರೆ ನಮ್ಮ ಕೆಸುವಿನ ಗಡ್ಡೆ. ಎಳೆಯ ಕೆಸುವಿನ ಎಲೆಗಳೊಳಗೆ ಗಟ್ಟಿ ಕಾಯಿಹಾಲನ್ನೂ ಈರುಳ್ಳಿಯನ್ನೂ ಇಟ್ಟು ಮಡಿಸಿ ಬೇಯಿಸಿದ ‘ಪಲುಸಾಮಿ’ ಇಲ್ಲದೆ ಅವರ ಭಾನುವಾರವಿಲ್ಲ. ಆಷಾಢದ ಮಳೆಯಲ್ಲಿ ಪತ್ರೊಡೆಯನ್ನು ಉಂಡು ಬೆಳೆದವರಿಗೆ ಇದರ ಪರಿಮಳವೇ ಸಾಕು, ತವರು ನೆನಪಾಗಲು. ಆಕ್ಲೆಂಡಿನ ಓಟಾರಾದಲ್ಲಿ ಶನಿವಾರ ನಡೆಯುವ ಸಂತೆಯಲ್ಲಿ ಕೆಸುವಿನ ಎಲೆಯ ಕಟ್ಟುಗಳೂ ಹಸಿರು ಬಾಳೆಕಾಯಿಯೂ ದೊರೆಯುತ್ತವೆ. ಪತ್ರೊಡೆಗೆ ಬೇಕಾದ ಎಲೆಯನ್ನು ನಾವು ಅಲ್ಲಿಂದಲೇ ತರುತ್ತಿದ್ದೆವು.

ಅವರ ಅಡುಗೆಯ ಒಲೆ ‘ಉಮು’. ಕಲ್ಲುಗಳನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಅವುಗಳ ಮೇಲೆ ಗಡ್ಡೆ, ಜೀಗುಜ್ಜೆ, ಮೀನು, ಹಂದಿಮಾಂಸಗಳನ್ನು ಜೋಡಿಸಿ, ಬಾಳೆಲೆಗಳಿಂದ ಮುಚ್ಚಿ ಹಬೆಯಲ್ಲಿ ಬೇಯಿಸುತ್ತಾರೆ. ಭಾನುವಾರ ನಸುಕಿನಲ್ಲಿ ಎದ್ದು ಉಮು ಹೂಡುವುದು ಮನೆಯ ತರುಣರ ಕೆಲಸ. ದೇವಾಲಯದಿಂದ ಮರಳಿದ ಮೇಲೆ ಮನೆಮಂದಿ ಒಟ್ಟಾಗಿ ಉಣ್ಣುವ ಆ ಊಟಕ್ಕೆ ‘ತೊಓನಾಯಿ’ ಎನ್ನುತ್ತಾರೆ.

1993ರಲ್ಲಿ ಸಾಮೋವಾದ ಕೆಸುವಿನ ಬೆಳೆಗೆ ಎಲೆ ಕೊಳೆಯುವ ರೋಗ ತಗಲಿ, ಒಂದೆರಡು ವರ್ಷಗಳಲ್ಲೇ ದ್ವೀಪಗಳ ತೋಟಗಳು ಬರಿದಾದವು; ರಫ್ತು ನೆಲಕಚ್ಚಿತು. ರೋಗಕ್ಕೆ ಕಾರಣ ಫೈಟೋಫ್ತೋರ ಎಂಬ ಕುಲಕ್ಕೆ ಸೇರಿದ ಸೂಕ್ಷ್ಮಜೀವಿ. ನಮ್ಮ ಅಡಿಕೆಗೆ ಕೊಳೆರೋಗವನ್ನು ತರುವುದೂ ಅದೇ ಕುಲದ ಜೀವಿ. ಮಳೆಯ ಬಿಡುವಿಗಾಗಿ ಕಾದು ಬೋರ್ಡೋ ದ್ರಾವಣ ಸಿಂಪಡಿಸುವ ಕಳಸದ ಬೆಳೆಗಾರನಿಗೆ ಸಾಮೋವಾದ ರೈತನ ಕಷ್ಟವನ್ನು ವಿವರಿಸುವ ಅಗತ್ಯವಿಲ್ಲ. ರೋಗವನ್ನು ತಾಳಿಕೊಳ್ಳುವ ಹೊಸ ತಳಿಗಳನ್ನು ಬೆಳೆಸಿ ಅವರು ಕ್ರಮೇಣ ಚೇತರಿಸಿಕೊಂಡರು.

ಶ್ವೇತ ಭಾನುವಾರ

ಅಕ್ಟೋಬರ್ ತಿಂಗಳ ಎರಡನೆಯ ಭಾನುವಾರ ಸಾಮೋವನ್ನರ ‘ಲೋತು ತಮಾಯಿತಿ’. ಅಂದರೆ ಮಕ್ಕಳ ಆರಾಧನೆ. ಇಂಗ್ಲಿಷಿನಲ್ಲಿ ಇದಕ್ಕೆ ಶ್ವೇತ ಭಾನುವಾರವೆಂಬ ಹೆಸರು ಬಂದಿದೆ. ಮಿಷನರಿಗಳ ಕಾಲದಿಂದ ಬೆಳೆದು ಬಂದ ಈ ಹಬ್ಬವನ್ನು ಇಂದು ಬೇರೆ ಬೇರೆ ಸಭೆಗಳಿಗೆ ಸೇರಿದವರು ಆಚರಿಸುತ್ತಾರೆ. ಸಾಮೋವಾದಲ್ಲಿ ಮರುದಿನ ಸೋಮವಾರ ಸರ್ಕಾರಿ ರಜೆ.

ಹಬ್ಬಕ್ಕೆ ವಾರಗಳ ಮೊದಲೇ ಸಿದ್ಧತೆ ಆರಂಭವಾಗುತ್ತದೆ. ತಾಯಂದಿರು ಬಿಳಿಯ ಬಟ್ಟೆ ಹೊಲಿಯುತ್ತಾರೆ. ಸಂಜೆಯ ಹೊತ್ತು ಮಕ್ಕಳು ಬೈಬಲಿನ ವಾಕ್ಯಗಳನ್ನು ಸಾಮೋವನ್ ಭಾಷೆಯಲ್ಲಿ ಬಾಯಿಪಾಠ ಮಾಡುತ್ತಾರೆ. ನೆರೆಮನೆಯ ಅಂಗಳದಿಂದ ಆ ದಿನಗಳಲ್ಲಿ ಕೇಳಿಬರುತ್ತಿದ್ದ ಸ್ವರ ನಮಗೆ ಮಗ್ಗಿ ಹೇಳುವ ಮಕ್ಕಳ ರಾಗದಂತೆಯೇ ಕೇಳಿಸುತ್ತಿತ್ತು. ಹಬ್ಬದ ದಿನ ತಲೆಯಿಂದ ಪಾದದವರೆಗೆ ಬಿಳಿಯುಟ್ಟ ಮಕ್ಕಳು ಮೆರವಣಿಗೆಯಲ್ಲಿ ದೇವಾಲಯವನ್ನು ಪ್ರವೇಶಿಸುತ್ತಾರೆ. ಆ ದಿನ ಹಾಡುವವರು ಮಕ್ಕಳು, ಪ್ರಾರ್ಥಿಸುವವರು ಮಕ್ಕಳು, ನೋಹನ ನಾವೆಯನ್ನೋ ಒಳ್ಳೆಯ ಸಮಾರಿಯನ ಕಥೆಯನ್ನೋ ಆಡಿ ತೋರಿಸುವವರೂ ಮಕ್ಕಳೇ. ಮೂರು ವರ್ಷದ ಕೂಸು ಕೂಡ ಎದ್ದು ನಿಂತು ಒಂದು ವಾಕ್ಯವನ್ನಾದರೂ ಹೇಳುತ್ತದೆ. ನಡುವೆ ಮರೆತು ನಿಂತರೆ ಸಭೆಯಲ್ಲಿ ಯಾರೂ ನಗುವುದಿಲ್ಲ. ಹಿಂದಿನ ಸಾಲಿನಿಂದ ಅಜ್ಜಿಯೊಬ್ಬಳು ಮೆಲ್ಲಗೆ ಮುಂದಿನ ಪದವನ್ನು ಎತ್ತಿಕೊಡುತ್ತಾಳೆ.

ದೇವಾಲಯದಿಂದ ಮನೆಗೆ ಬಂದ ಮೇಲೆ ನಡೆಯುವುದೇ ಹಬ್ಬದ ಹೃದಯ. ಬೇರೆ ದಿನಗಳಲ್ಲಿ ಸಾಮೋವನ್ ಮನೆಯಲ್ಲಿ ಮೊದಲು ಉಣ್ಣುವವರು ಹಿರಿಯರು ಮತ್ತು ಅತಿಥಿಗಳು, ಬಡಿಸುವವರು ಕಿರಿಯರು, ಮಕ್ಕಳ ಸರದಿ ಕೊನೆಗೆ. ಶ್ವೇತ ಭಾನುವಾರದಂದು ಈ ಕ್ರಮ ತಲೆಕೆಳಗಾಗುತ್ತದೆ. ಮಕ್ಕಳು ಚಾಪೆಯ ಮೇಲೆ ಸಾಲಾಗಿ ಕೂರುತ್ತಾರೆ. ತಂದೆತಾಯಿ, ಅಜ್ಜಅಜ್ಜಿ, ಕೊನೆಗೆ ಮತಾಯಿ ಕೂಡ, ತಟ್ಟೆ ಹಿಡಿದು ಬಡಿಸುತ್ತಾರೆ. ಮಕ್ಕಳು ಎದ್ದ ಮೇಲೆಯೇ ಹಿರಿಯರ ಊಟ. ನಮ್ಮ ಮಗಳನ್ನೂ ಆ ಮೊದಲ ಪಂಕ್ತಿಯಲ್ಲಿ ಕೂರಿಸಿ, ಎಪ್ಪತ್ತು ದಾಟಿದ ಆ ಮನೆಯ ಯಜಮಾನರು ಪಲುಸಾಮಿಯನ್ನು ಬಡಿಸಿದರು. ವರ್ಷವಿಡೀ ಹಿರಿಯರಿಗೆ ತಲೆಬಾಗುವ ಮಗು ಒಂದು ದಿನ ತಾನೂ ಈ ಕುಲಕ್ಕೆ ಅಮೂಲ್ಯವೆಂಬುದನ್ನು ಉಂಡು ತಿಳಿಯುತ್ತದೆ. ಶಿಶುಗಳನ್ನು ತನ್ನ ಬಳಿಗೆ ಬರಗೊಡಿರೆಂದ ಪ್ರಭುವಿನ ಅಪ್ಪಣೆಯನ್ನು ಇಷ್ಟು ಸರಳವಾಗಿ ಪಾಲಿಸುವ ವಿಧಾನ ಇನ್ನೊಂದಿರಲಾರದು.

ಮೊಂತಿ ಹಬ್ಬದ ನೆನಪು ಯಾರಿಗಾದರೂ ಆಗದಿರದು. ಒಂಬತ್ತು ದಿನಗಳ ನೊವೆನಾದಲ್ಲಿ ಬಾಲ ಮರಿಯಮ್ಮನವರಿಗೆ ಹೂವು ಅರ್ಪಿಸುವವರು ನಮ್ಮಲ್ಲಿಯೂ ಮಕ್ಕಳೇ. ಹಬ್ಬದ ದಿನ ಕಬ್ಬಿಗಾಗಿ ಕೈಯೊಡ್ಡುವವರೂ ಮಕ್ಕಳೇ. ನಮ್ಮದು ತೆನೆಯ ಹಬ್ಬ, ಅವರದು ಎಳೆಯರ ಹಬ್ಬ. ಎರಡರಲ್ಲಿಯೂ ದೇವರ ಮುಂದೆ ಇಡುವುದು ಹೊಸ ಬೆಳೆಯನ್ನೇ.

ಮೆಣಸಿನ ಬಳ್ಳಿಯ ಬಂಧು

ಸಾಮೋವನ್ನರ ಯಾವ ದೊಡ್ಡ ಸಮಾರಂಭವೂ ‘ಅವಾ’ ಎಂಬ ಪಾನೀಯದ ವಿಧಿಯಿಲ್ಲದೆ ಆರಂಭವಾಗುವುದಿಲ್ಲ. ಒಣಗಿಸಿ ಕುಟ್ಟಿದ ಒಂದು ಬೇರನ್ನು ನೀರಿನಲ್ಲಿ ಕಲಸಿ ಸೋಸಿದ ಪೇಯವಿದು. ಮದ್ಯವಲ್ಲ, ಕುಡಿದರೆ ನಾಲಿಗೆ ತುಸು ಜೋಮು ಹಿಡಿಯುತ್ತದೆ. ಈ ಗಿಡ ಸಸ್ಯಶಾಸ್ತ್ರದ ಪ್ರಕಾರ ನಮ್ಮ ಕರಿಮೆಣಸಿನ ಕುಲಕ್ಕೇ ಸೇರಿದ್ದೆಂಬುದು ಕಳಸದವರಿಗೆ ಕುತೂಹಲದ ಸಂಗತಿ. ಮರದ ದೊಡ್ಡ ಬೋಗುಣಿಯಲ್ಲಿ ಅದನ್ನು ಸಿದ್ಧಪಡಿಸಿ, ಗೌರವದ ಅನುಕ್ರಮದಲ್ಲಿ ಒಬ್ಬೊಬ್ಬರ ಹೆಸರು ಕೂಗಿ, ತೆಂಗಿನ ಚಿಪ್ಪಿನ ಬಟ್ಟಲಿನಲ್ಲಿ ಕೊಡುತ್ತಾರೆ. ಕುಡಿಯುವವನು ಕೆಲವು ಹನಿಗಳನ್ನು ನೆಲಕ್ಕೆ ಚೆಲ್ಲಿ ‘ಮನುಯಿಯಾ’ ಎಂದು ಹರಸುತ್ತಾನೆ; ಕುಳಿತವರು ‘ಸೊಯಿಫುವಾ’ ಎಂದು ಉತ್ತರಿಸುತ್ತಾರೆ.

ಇಂತಹ ವಿಧಿಯನ್ನು ಧರ್ಮಸಭೆ ತಳ್ಳಿಹಾಕಬೇಕೇ, ಒಪ್ಪಿಕೊಳ್ಳಬೇಕೇ? ಈ ಪ್ರಶ್ನೆಗೆ ಉತ್ತರ ಹುಡುಕಿದವರು ಕಾರ್ಡಿನಲ್ ಪಿಯೊ ತಾವುಫಿನುಉ. 1923ರಲ್ಲಿ ಜನಿಸಿ, 1968ರಲ್ಲಿ ಅಪಿಯಾದ ಧರ್ಮಾಧ್ಯಕ್ಷರಾದ ಅವರು ಪಾಲಿನೇಶಿಯಾದ ಮೂಲನಿವಾಸಿಗಳಲ್ಲಿ ಆ ಪದವಿಗೇರಿದ ಮೊದಲಿಗರು. 1973ರಲ್ಲಿ ಕಾರ್ಡಿನಲ್ ಆದವರಲ್ಲಿಯೂ ಮೊದಲಿಗರು. ಅದೇ ವರ್ಷ ಅವರು ಬರೆದ ಪುಸ್ತಕದ ಹೆಸರೇ ‘ಅವಾ ವಿಧಿಯು ಒಂದು ಪ್ರವಾದನೆ’ ಎಂಬರ್ಥದ್ದು. ಪೂರ್ವಿಕರ ಸಂಪ್ರದಾಯದಲ್ಲಿ ಶುಭಸಂದೇಶದ ಬೀಜ ಮೊದಲೇ ಅಡಗಿತ್ತು ಎಂಬುದು ಅವರ ನಿಲುವು. 2006ರಲ್ಲಿ ಅವರು ದೈವಾಧೀನರಾದರು. ಸಾಮೋವನ್ ಕಥೋಲಿಕರು ಇಂದು ದೇವಾಲಯದಲ್ಲಿ ತಮ್ಮ ಹೂಮಾಲೆ, ನೆಯ್ದ ಚಾಪೆ, ತಮ್ಮ ಭಾಷೆಯ ಹಾಡುಗಳೊಡನೆ ತಲೆಯೆತ್ತಿ ನಿಲ್ಲುವುದರ ಹಿಂದೆ ಅಂಥವರ ದುಡಿಮೆಯಿದೆ.

ನೃತ್ಯಕ್ಕೆ ಅವರ ಭಾಷೆಯಲ್ಲಿ ‘ಸಿವಾ’ ಎನ್ನುತ್ತಾರೆ. ಕಳಸೇಶ್ವರನ ಊರಿನವರ ಕಿವಿಗೆ ಇದು ಬೇರೆಯೇ ಆಗಿ ಕೇಳಿಸಿದರೂ ಹೋಲಿಕೆ ಕೇವಲ ಉಚ್ಚಾರದ್ದು. ಸಮಾರಂಭದ ಕೊನೆಯ ನೃತ್ಯ ‘ತೌಅಲುಂಗಾ’. ತಲೆಯ ಮೇಲೆ ಎತ್ತರದ ಕಿರೀಟ ಧರಿಸಿದ ಕನ್ಯೆಯೊಬ್ಬಳು ಕೈಬೆರಳುಗಳ ನಯವಾದ ಚಲನೆಯಿಂದ ನಿಧಾನವಾಗಿ ನರ್ತಿಸಿದರೆ, ಸುತ್ತಲಿನವರು ಕುಣಿದು ಕೂಗಿ ಅವಳ ಘನತೆಯನ್ನು ಎತ್ತಿ ತೋರಿಸುತ್ತಾರೆ. ಆಕ್ಲೆಂಡಿನಲ್ಲಿ 1976ರಿಂದ ನಡೆದುಬಂದಿರುವ ಪಾಲಿಫೆಸ್ಟ್ ಎಂಬ ಶಾಲಾ ಮಕ್ಕಳ ಉತ್ಸವದಲ್ಲಿ ನ್ಯೂಜಿಲೆಂಡಿನಲ್ಲೇ ಹುಟ್ಟಿದ ಹುಡುಗ ಹುಡುಗಿಯರು ಈ ನೃತ್ಯಗಳನ್ನು ಸ್ಪರ್ಧೆಗಿಳಿದು ಪ್ರದರ್ಶಿಸುತ್ತಾರೆ.

ಕ್ಷಮೆಯ ಚಾಪೆ

ಕೇದಗೆಯ ಜಾತಿಗೆ ಸೇರಿದ ಗಿಡದ ಎಲೆಗಳನ್ನು ನೂಲಿನಷ್ಟು ಸಣ್ಣಗೆ ಸೀಳಿ ಹೆಂಗಸರು ತಿಂಗಳುಗಟ್ಟಲೆ ನೆಯ್ಯುವ ಚಾಪೆಯೇ ‘ಇಎ ತೊಂಗಾ’. ಇದು ಕುಳಿತುಕೊಳ್ಳುವ ಚಾಪೆಯಲ್ಲ. ಮದುವೆ, ಮರಣ, ಪಟ್ಟಾಭಿಷೇಕಗಳಲ್ಲಿ ಕುಟುಂಬದಿಂದ ಕುಟುಂಬಕ್ಕೆ ಸಲ್ಲುವ ಅತ್ಯುನ್ನತ ಗೌರವದ ಕಾಣಿಕೆ. 2019ರಲ್ಲಿ ಯುನೆಸ್ಕೊ ಈ ನೇಯ್ಗೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಚಾಪೆಗೆ ಇನ್ನೊಂದು ಘನವಾದ ಉಪಯೋಗವಿದೆ. ಒಬ್ಬನಿಂದ ಇನ್ನೊಂದು ಕುಟುಂಬಕ್ಕೆ ಘೋರ ಅನ್ಯಾಯವಾದಾಗ, ಅಪರಾಧಿಯ ಕಡೆಯವರು ನಸುಕಿನಲ್ಲಿ ನೊಂದವರ ಮನೆಯ ಮುಂದೆ ಬಂದು, ಮೈಮೇಲೆ ಚಾಪೆ ಹೊದ್ದು, ತಲೆತಗ್ಗಿಸಿ ಮೌನವಾಗಿ ಕೂರುತ್ತಾರೆ. ನೊಂದವರು ಹೊರಬಂದು ಚಾಪೆಯನ್ನು ಸರಿಸಿದರೆ ಕ್ಷಮೆ ದೊರೆತಂತೆ. ಇದಕ್ಕೆ ‘ಇಫೊಂಗಾ’ ಎಂದು ಹೆಸರು.

ಈ ವಿಧಿ 2021ರಲ್ಲಿ ಒಂದು ಸರ್ಕಾರದ ತಲೆಯ ಮೇಲೂ ಬಂದಿತು. 1974ರಿಂದ 1976ರವರೆಗೆ ನ್ಯೂಜಿಲೆಂಡಿನ ಪೊಲೀಸರು ಪರವಾನಗಿಯ ಅವಧಿ ಮೀರಿ ಉಳಿದವರನ್ನು ಹುಡುಕುವ ನೆಪದಲ್ಲಿ ಶಾಂತಸಾಗರದ ದ್ವೀಪವಾಸಿಗಳ ಮನೆಗಳಿಗೆ ಬೆಳಗಿನ ಜಾವ ನುಗ್ಗಿ, ಹಾಸಿಗೆಯಿಂದ ಎಬ್ಬಿಸಿ ಎಳೆದೊಯ್ಯುತ್ತಿದ್ದರು. ಬಿಳಿಯ ದೇಶಗಳಿಂದ ಬಂದು ಹಾಗೆಯೇ ಉಳಿದವರ ಬಾಗಿಲನ್ನು ತಟ್ಟಿದವರು ವಿರಳ. 2021ರ ಆಗಸ್ಟ್ 1ರಂದು ಆಕ್ಲೆಂಡಿನ ಪುರಭವನದಲ್ಲಿ ಅಂದಿನ ಪ್ರಧಾನಿ ಜಸಿಂಡಾ ಆರ್ಡರ್ನ್ ಅವರು ಸರ್ಕಾರದ ಪರವಾಗಿ ಕ್ಷಮೆ ಕೋರಿದಾಗ, ಸಮುದಾಯದವರು ಅವರ ಮೇಲೆ ಇಎ ತೊಂಗಾವನ್ನು ಹೊದಿಸಿ, ಬಳಿಕ ಅದನ್ನು ತೆಗೆದು ಅವರನ್ನು ಅಪ್ಪಿಕೊಂಡರು. ಪರಸ್ಥಳದವರೆಂದು ಅವಮಾನಿತರಾದವರ ಸಂಪ್ರದಾಯವೇ ಆ ದೇಶಕ್ಕೆ ಕ್ಷಮೆ ಕೇಳುವ ಮಾರ್ಗವನ್ನು ಕಲಿಸಿಕೊಟ್ಟಿತು. ತಮ್ಮ ಆಚಾರವನ್ನು ಅವರು ಐವತ್ತು ವರ್ಷಗಳಲ್ಲಿ ಮರೆತುಬಿಟ್ಟಿದ್ದರೆ ಅಂದು ಹೊದಿಸಲು ಚಾಪೆಯಾದರೂ ಎಲ್ಲಿರುತ್ತಿತ್ತು?

ಬಿಳಿಯ ಬಟ್ಟೆಯ ದುಃಖ

ಮಕ್ಕಳ ಹಬ್ಬವನ್ನು ಸಾಮೋವನ್ನರು ಇಷ್ಟು ಮನಸಾರೆ ಆಚರಿಸುವುದರ ಹಿಂದೆ ನೋವಿನ ನೆನಪೂ ಇದೆ. 1918ರ ನವೆಂಬರ್ 7ರಂದು ತಲೂನ್ ಎಂಬ ಹಡಗು ಆಕ್ಲೆಂಡಿನಿಂದ ಅಪಿಯಾಕ್ಕೆ ಬಂದಾಗ ಅದರಲ್ಲಿ ಇನ್‌ಫ್ಲುಯೆಂಜಾ ಜ್ವರದ ರೋಗಿಗಳಿದ್ದರು. ಅಧಿಕಾರಿಗಳು ಹಡಗನ್ನು ದೂರ ನಿಲ್ಲಿಸದೆ ಪ್ರಯಾಣಿಕರನ್ನು ಇಳಿಸಿಕೊಂಡರು. ಮುಂದಿನ ಕೆಲವೇ ವಾರಗಳಲ್ಲಿ ಸುಮಾರು 8,500 ಮಂದಿ, ಅಂದರೆ ಜನಸಂಖ್ಯೆಯ ಐದರಲ್ಲೊಂದು ಭಾಗಕ್ಕೂ ಹೆಚ್ಚು, ಸತ್ತರು. ಹಡಗುಗಳನ್ನು ತಡೆದು ನಿಲ್ಲಿಸಿದ ಪಕ್ಕದ ಅಮೆರಿಕನ್ ಸಾಮೋವಾದಲ್ಲಿ ಒಂದು ಸಾವೂ ಸಂಭವಿಸಲಿಲ್ಲ. 2002ರಲ್ಲಿ ಪ್ರಧಾನಿ ಹೆಲೆನ್ ಕ್ಲಾರ್ಕ್ ಅವರು ಅಪಿಯಾದಲ್ಲಿ ಇದಕ್ಕಾಗಿ, 1929ರ ಗುಂಡೇಟಿಗಾಗಿಯೂ, ಕ್ಷಮೆ ಕೋರಿದರು.

ಇದು ಹಳೆಯ ಕಥೆಯೆನ್ನುವಂತಿಲ್ಲ. 2019ರ ಶ್ವೇತ ಭಾನುವಾರ ಅಕ್ಟೋಬರ್ 13ರಂದು ಬಂದಿತ್ತು. ಅದಾದ ಮೂರನೆಯ ದಿನ ಸಾಮೋವಾ ಸರ್ಕಾರ ದಡಾರದ ಸಾಂಕ್ರಾಮಿಕವನ್ನು ಘೋಷಿಸಿತು. ಹಿಂದಿನ ವರ್ಷ ಲಸಿಕೆಯನ್ನು ತಪ್ಪು ಔಷಧದೊಡನೆ ಕಲಸಿ ಚುಚ್ಚಿದ್ದರಿಂದ ಎರಡು ಶಿಶುಗಳು ತೀರಿಕೊಂಡಿದ್ದವು. ಆ ಭಯದಿಂದಲೂ ಬಳಿಕ ಹಬ್ಬಿದ ಸುಳ್ಳು ಸುದ್ದಿಗಳಿಂದಲೂ ಬಹಳ ತಾಯ್ತಂದೆಯರು ಲಸಿಕೆಯಿಂದ ದೂರ ಸರಿದಿದ್ದರು. ಒಟ್ಟು 83 ಮಂದಿ ಸತ್ತರು. ಅವರಲ್ಲಿ ಬಹುಪಾಲು ಐದು ವರ್ಷದೊಳಗಿನ ಕೂಸುಗಳು. ಡಿಸೆಂಬರ್ 5 ಮತ್ತು 6ರಂದು ಇಡೀ ದೇಶದ ಕೆಲಸಕಾರ್ಯಗಳನ್ನು ನಿಲ್ಲಿಸಿ ಮನೆಮನೆಗೆ ಲಸಿಕೆ ಹಾಕಲಾಯಿತು. ಲಸಿಕೆ ಬೇಕಾದ ಮನೆಗಳ ಮುಂದೆ ಕೆಂಪು ಬಟ್ಟೆ ಕಟ್ಟುವಂತೆ ಸರ್ಕಾರ ಹೇಳಿತ್ತು. ಮಕ್ಕಳನ್ನು ಮೊದಲ ಪಂಕ್ತಿಯಲ್ಲಿ ಕೂರಿಸುವುದೆಂದರೆ ಹಬ್ಬದ ದಿನ ಬಡಿಸುವುದಷ್ಟೇ ಅಲ್ಲ, ವರ್ಷವಿಡೀ ಅವರನ್ನು ಕಾಯುವುದೂ ಹೌದೆಂಬ ಕಠಿಣ ಪಾಠವನ್ನು ಆ ನಾಡು ಕಲಿಯಿತು.

ಹಬ್ಬದ ಬೆಲೆ

ಸಾಮೋವನ್ನರ ಬದುಕೆಲ್ಲ ಹಾಡು ನೃತ್ಯಗಳಲ್ಲೇ ಕಳೆಯುತ್ತದೆಂದು ತಿಳಿಯಬಾರದು. ಮದುವೆ, ಮರಣ, ದೇವಾಲಯದ ನಿರ್ಮಾಣ ಇತ್ಯಾದಿಗಳಿಗೆ ಪ್ರತಿ ಕುಟುಂಬವೂ ಹಣ, ಚಾಪೆ, ಆಹಾರ ಪದಾರ್ಥಗಳನ್ನು ಒಪ್ಪಿಸಲೇಬೇಕು. ಇದಕ್ಕೆ ‘ಫಾಅಲವೆಲವೆ’ ಎನ್ನುತ್ತಾರೆ. ಆ ಪದಕ್ಕೆ ತೊಡಕು ಎಂಬ ಅರ್ಥವೂ ಇರುವುದು ಮಾರ್ಮಿಕವಾಗಿದೆ. ಕಾರ್ಖಾನೆಯಲ್ಲಿ ರಾತ್ರಿ ಪಾಳಿ ದುಡಿದವನು ಒಂದು ಪಾಲನ್ನು ಊರಿಗೆ ಕಳುಹಿಸಿ, ಒಂದು ಪಾಲನ್ನು ಸಮಾರಂಭಕ್ಕೆ ಕೊಟ್ಟು, ತನ್ನ ಮನೆಯ ಬಾಡಿಗೆಗಾಗಿ ಸಾಲ ಮಾಡುವುದುಂಟು. ಇದನ್ನು ಮಿತಗೊಳಿಸಬೇಕೆಂಬ ಚರ್ಚೆ ಅವರಲ್ಲಿಯೇ ನಡೆದಿದೆ. ಮದುವೆಯ ಖರ್ಚಿಗಾಗಿ ತೋಟ ಅಡವಿಟ್ಟ ಕುಟುಂಬಗಳನ್ನು ಕಂಡ ನಾವು ಇದನ್ನು ಅವರ ದೋಷವೆಂದು ಬೊಟ್ಟು ಮಾಡುವಂತಿಲ್ಲ.

ಇನ್ನೊಂದು ಚಿಂತೆ ಭಾಷೆಯದು. 1947ರಲ್ಲಿ ಆಕ್ಲೆಂಡಿನಲ್ಲಿ ಆರಂಭವಾದ ದ್ವೀಪವಾಸಿಗಳ ಸಭೆಯಿಂದ ಮೊದಲುಗೊಂಡು, ಸಾಮೋವನ್ ಭಾಷೆಯನ್ನು ಪರನಾಡಿನಲ್ಲಿ ಉಳಿಸಿದ್ದು ದೇವಾಲಯಗಳೇ. ಶಿಶುವಿಹಾರಗಳಲ್ಲಿ ಸಾಮೋವನ್ ಕಲಿಸುತ್ತಾರೆ. ಪ್ರತಿವರ್ಷ ಭಾಷಾ ಸಪ್ತಾಹವನ್ನೂ ನಡೆಸುತ್ತಾರೆ. ಆದರೂ 2018ರ ಗಣತಿಯ ಪ್ರಕಾರ ನ್ಯೂಜಿಲೆಂಡಿನ ಸಾಮೋವನ್ನರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮಾತ್ರ ಆ ಭಾಷೆಯಲ್ಲಿ ಮಾತನಾಡಲು ಬರುತ್ತದೆ. ಉಳಿದರ್ಧ ಮಂದಿಗೆ ಅಜ್ಜಿಯ ಮಾತು ಅಪರಿಚಿತ. ಇಷ್ಟು ದೊಡ್ಡ ಸಂಖ್ಯೆ, ಇಷ್ಟು ಗಟ್ಟಿ ಸಂಘಟನೆ ಇರುವವರ ಸ್ಥಿತಿಯೇ ಹೀಗಿದ್ದರೆ, ಬೆರಳೆಣಿಕೆಯಷ್ಟು ಕುಟುಂಬಗಳಾಗಿ ಚದುರಿದ ನಮ್ಮವರ ಪಾಡೇನು? ಶ್ವೇತ ಭಾನುವಾರದಂದು ಮಗು ಕಂಠಪಾಠ ಹೇಳುವ ಆ ಒಂದು ವಾಕ್ಯವೇ ಕೆಲವು ಮನೆಗಳಲ್ಲಿ ವರ್ಷದಲ್ಲಿ ಅದು ನುಡಿಯುವ ಏಕೈಕ ಸಾಮೋವನ್ ವಾಕ್ಯವಾಗಿರುತ್ತದೆ. ಆದರೂ ಆ ಒಂದು ವಾಕ್ಯ ಇದೆಯಲ್ಲ!

ನಮ್ಮ ಬೆಟ್ಟಗಳಲ್ಲಿ

ಘಟ್ಟದ ಮೇಲೆ ನಮ್ಮ ಹಲವು ಮನೆಗಳಲ್ಲಿ ಕೊಂಕಣಿ, ದೇವಾಲಯದಲ್ಲಿಯೂ ಪೇಟೆಯಲ್ಲಿಯೂ ಕನ್ನಡ, ಮಕ್ಕಳ ಶಾಲೆಯಲ್ಲಿ ಇಂಗ್ಲಿಷು ನಡೆಯುತ್ತಿವೆ. ಎರಡು ಮಾತುಗಳನ್ನು ಜೊತೆಯಾಗಿ ಬಾಳಿಸಿದ ಹಿರಿಯರ ಜಾಣ್ಮೆ ದೊಡ್ಡದು. ಆದರೆ ಇಂದು ರಜೆಗೆಂದು ನಗರದಿಂದ ಬರುವ ಮೊಮ್ಮಕ್ಕಳಿಗೆ ಎರಡೂ ಸರಾಗವಾಗಿ ಬರುವುದಿಲ್ಲ. ಎಷ್ಟೋ ಮನೆಗಳಲ್ಲಿ ಹಬ್ಬದ ದಿನ ವೃದ್ಧ ದಂಪತಿಗಳಿಬ್ಬರೇ ಹೊಸಕ್ಕಿಯ ಊಟಕ್ಕೆ ಕೂರುತ್ತಾರೆ. ತೆನೆಯ ಕಾಳುಗಳನ್ನು ಲಕೋಟೆಯಲ್ಲಿಟ್ಟು ದೂರದ ಮಕ್ಕಳಿಗೆ ಅಂಚೆಯಲ್ಲಿ ಕಳುಹಿಸುತ್ತಾರೆ. ಊರೊಂದು ಹೇಗೆ ಬರಿದಾಗುತ್ತದೆಂಬುದನ್ನು ಕಳಸದವರು ಕಣ್ಣಾರೆ ಕಂಡಿದ್ದಾರೆ. 2005ರ ಕೊನೆಯಲ್ಲಿ ಕುದುರೆಮುಖದ ಗಣಿ ನಿಂತಾಗ, ದೇಶದ ನಾನಾ ಮೂಲೆಗಳಿಂದ ಬಂದು ಅಲ್ಲಿ ಹಬ್ಬಗಳನ್ನು ಒಟ್ಟಾಗಿ ಆಚರಿಸುತ್ತಿದ್ದ ಕುಟುಂಬಗಳು ದಿಕ್ಕುಪಾಲಾದವು. ಮನೆಗಳು ನಿಂತಿದ್ದರೂ ಹಬ್ಬ ನಿಲ್ಲಲಿಲ್ಲ.

ಸಾಮೋವಾ ಬಾಂಧವರಿಂದ ಕಲಿಯಬಹುದಾದದ್ದು ಬಹಳ ಖರ್ಚಿನದಲ್ಲ. ಹಬ್ಬದ ಕೆಲಸದಲ್ಲಿ ಮಕ್ಕಳಿಗೆ ನೋಡುವ ಪಾತ್ರದ ಬದಲು ಮಾಡುವ ಪಾತ್ರವನ್ನು ಕೊಡಬೇಕು. ತೆನೆಯನ್ನು ಮನೆಮನೆಗೆ ಹಂಚುವವರು ಅವರಾಗಲಿ. ಊಟಕ್ಕೆ ಮುಂಚಿನ ಪ್ರಾರ್ಥನೆಯನ್ನು ಅಜ್ಜಿಯ ಮಾತಿನಲ್ಲಿ ಅವರೇ ಹೇಳಲಿ. ಮರೆತರೆ ನಗದೆ, ಮುಂದಿನ ಪದವನ್ನು ಎತ್ತಿಕೊಡಲು ಹಿಂದೆ ಒಬ್ಬರು ಹಿರಿಯರಿರಲಿ. ವರ್ಷದಲ್ಲಿ ಒಂದು ದಿನವಾದರೂ ಮನೆಯ ಯಜಮಾನ ತಾನು ನಿಂತು ಅವರಿಗೆ ಬಡಿಸಲಿ. ಆ ಪಂಕ್ತಿಯ ಕೊನೆಯಲ್ಲಿ ಇನ್ನೊಂದು ಎಲೆ ಹೆಚ್ಚಾಗಿ ಹಾಸಿರಲಿ. ತೋಟದ ಕೆಲಸಕ್ಕೆಂದು ಅಸ್ಸಾಮಿನಿಂದಲೋ ಜಾರ್ಖಂಡಿನಿಂದಲೋ ಬಂದು ಲೈನು ಮನೆಗಳಲ್ಲಿ ವಾಸಿಸುವ ಕುಟುಂಬಗಳ ಮಕ್ಕಳು ಈಗ ನಮ್ಮ ನೆರೆಯವರು. ಪರನಾಡಿನಲ್ಲಿ ಹಬ್ಬವನ್ನು ಮತ್ತೆ ಬಿತ್ತಬೇಕಾದವರು ಇಂದು ಅವರೂ ಹೌದು. ಆಕ್ಲೆಂಡಿನ ಒಂದು ಮನೆ ಕಳಸದ ಮಗುವನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿದಂತೆ, ಕಳಸದ ಮನೆಗಳು ಅವರ ಮಕ್ಕಳನ್ನು ಕೂರಿಸಿದರೆ ಹೊಸಕ್ಕಿಯ ಊಟಕ್ಕೆ ರುಚಿ ಹೆಚ್ಚೀತೇ ಹೊರತು ಅನ್ನ ಕಡಿಮೆಯಾಗದು.